ಕೆಲವು ದೇಶಗಳಲ್ಲಿ ವಿಡಿಯೊ ಗೇಮ್ ಉದ್ಯಮ ಬೆಳೆದದ್ದು ಹೇಗೆ? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪದಲ್ಲಿ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವ ನನಗೆ ಪಾಠಕ್ಕಿಂತ ಆಟಗಳ ಬಗ್ಗೆಯೇ ಹೆಚ್ಚು ಪ್ರಶ್ನೆಗಳು ಬರುತ್ತವೆ. ನಾವು ಆಡುವ ಆಟಗಳೆಲ್ಲ ಹೊರದೇಶದವೇ ಏಕೆ ಎಂದು ಮಕ್ಕಳು ಕೇಳುತ್ತಾರೆ. ಅವರನ್ನು ಕರೆದುಕೊಂಡು ಹೋಗಲು ಬಂದ ತಂದೆತಾಯಿಯರು, ಆಟ ಆಡಿ ಯಾವ ದೇಶ ಉದ್ಧಾರವಾಗಿದೆ ಎಂದು ಕೇಳುತ್ತಾರೆ. ಇಷ್ಟು ದಿನ ಬಾಯಿಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಸ್ವಲ್ಪ ವಿಸ್ತರಿಸಿ, ಅವಸರದಲ್ಲಿ ತಪ್ಪಾಗಿ ಹೇಳಿದ್ದನ್ನು ತಿದ್ದಿ, ಇಲ್ಲಿ ಬರೆದಿದ್ದೇನೆ.

ಆಟ ಮಾಡಿ ಮಾರುವುದನ್ನು ಉದ್ಯಮವೆಂದು ಕರೆಯುವಷ್ಟು ಹಣ ಅದರಲ್ಲಿದೆಯೇ?

ಇದೆ. ಸ್ವೀಡನ್ನಿನ ಮೊಜಾಂಗ್ ಎಂಬ ಕಂಪನಿಯನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡಿತು; ಆ ಕಂಪನಿಯ ಮುಖ್ಯ ಆಸ್ತಿ ಎಂದರೆ ಮೈನ್‌ಕ್ರಾಫ್ಟ್ ಎಂಬ ಒಂದು ಆಟ, ಮತ್ತು ಅಲ್ಲಿ ಕೆಲಸ ಮಾಡುತ್ತಿದ್ದವರು ನಮ್ಮಲ್ಲಿನ ಒಂದು ದೊಡ್ಡ ತೋಟದಲ್ಲಿ ಕಾಫಿ ಕುಯ್ಲಿನ ದಿನ ಸೇರುವ ಜನರಷ್ಟೂ ಇರಲಿಲ್ಲ. ಎರಡು ವರ್ಷಗಳ ನಂತರ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2010ರಲ್ಲಷ್ಟೇ ಹುಟ್ಟಿದ್ದ ಸೂಪರ್‌ಸೆಲ್ ಕಂಪನಿಯ ಶೇ. 84ರಷ್ಟು ಪಾಲನ್ನು ಚೀನಾದ ಟೆನ್ಸೆಂಟ್ ನೇತೃತ್ವದ ಕೂಟ ಸುಮಾರು 860 ಕೋಟಿ ಡಾಲರ್‌ಗೆ ಖರೀದಿಸಿತು.

ಬುದ್ಧಿವಂತರಿದ್ದರೆ ಸಾಲದೇ? ಅದು ಪ್ರತಿಭೆಯ ಪ್ರಶ್ನೆ ತಾನೇ?

ಈ ನಂಬಿಕೆಯನ್ನು ಒಡೆಯಲು ಟೆಟ್ರಿಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿತ್ನೊವ್ 1984ರಲ್ಲಿ ಎಲೆಕ್ಟ್ರಾನಿಕಾ 60 ಎಂಬ ಯಂತ್ರದ ಮೇಲೆ ಅದನ್ನು ರಚಿಸಿದರು. ಆ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲವಾದ್ದರಿಂದ ಅಕ್ಷರಗಳನ್ನೇ ಜೋಡಿಸಿ ಬೀಳುವ ತುಂಡುಗಳನ್ನು ತೋರಿಸಬೇಕಾಯಿತು. ಮುಂದೆ ಜಗತ್ತಿನ ಮೂಲೆಮೂಲೆಯಲ್ಲಿ ಕೋಟ್ಯಂತರ ಜನ ಆಡಿದ ಆ ಆಟದ ಹಕ್ಕನ್ನು ಸೋವಿಯತ್ ಸರ್ಕಾರದ ಎಲೋರ್ಗ್ ಎಂಬ ಸಂಸ್ಥೆ ವಿದೇಶಿ ಕಂಪನಿಗಳಿಗೆ ಮಾರಿತು. ಆಟ ಕಟ್ಟಿದವರ ಕೈಗೆ ಅದರ ರಾಯಧನ ಬರತೊಡಗಿದ್ದು 1996ರಲ್ಲಿ, ಅವರು ಅಮೆರಿಕಕ್ಕೆ ಹೋಗಿ ನೆಲೆಸಿದ ಮೇಲೆ. ಸೋವಿಯತ್ ದೇಶದಲ್ಲಿ ಗಣಿತ ಬಲ್ಲವರಿಗೆ ಬರ ಇರಲಿಲ್ಲ. ಮಾಡಿದವನು ತಾನು ಮಾಡಿದ್ದರ ಒಡೆಯನಾಗುವ, ಆ ಲಾಭದಿಂದ ನಾಲ್ಕು ಜನರನ್ನು ಸೇರಿಸಿಕೊಂಡು ಇನ್ನೊಂದು ಆಟ ಮಾಡುವ ದಾರಿ ಅಲ್ಲಿರಲಿಲ್ಲ.

ಇದನ್ನು ನಮ್ಮ ಜಿಲ್ಲೆಯವರಿಗೆ ನಾನು ಹಾಕಿಯ ಮೂಲಕ ವಿವರಿಸುತ್ತೇನೆ. ಇಷ್ಟು ಚಿಕ್ಕ ಜಿಲ್ಲೆಯಿಂದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎಸ್.ವಿ. ಸುನಿಲ್ ಮೊದಲಾದ ಆಟಗಾರರು ಬಂದದ್ದನ್ನು ಕಂಡವರು "ಹಾಕಿ ಕೊಡಗಿನವರ ರಕ್ತದಲ್ಲೇ ಇದೆ" ಎನ್ನುತ್ತಾರೆ. ಕೇಳಲು ಹಿತವಾದ ಮಾತಾದರೂ ನಾನದನ್ನು ಒಪ್ಪುವುದಿಲ್ಲ. ಸೈನ್ಯದಿಂದ ರಜೆಯಲ್ಲಿ ಬಂದವರು ತಂದ ಸ್ಟಿಕ್ಕು, ಭತ್ತದ ಕುಯ್ಲು ಮುಗಿದ ಮೇಲೆ ಆಟದ ಬಯಲಾಗುವ ಗದ್ದೆ, ಶಾಲೆಯಲ್ಲಿ ಹಾಕಿ ಬಲ್ಲ ಮೇಷ್ಟ್ರು, ಚೆನ್ನಾಗಿ ಆಡಿದರೆ ಸೇನೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಸಿಗುತ್ತದೆಂಬ ಭರವಸೆ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವ, ಇವೆಲ್ಲ ಒಂದರ ಮೇಲೊಂದು ಕೂಡಿದ್ದರಿಂದ ಆಟಗಾರರು ಬಂದರು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಉತ್ಸವಕ್ಕೆ 360 ಕುಟುಂಬಗಳ ತಂಡಗಳು ಬಂದಿದ್ದವು. ಅಷ್ಟು ತಂಡಗಳಲ್ಲಿ ಬಹುತೇಕ ಸೋಲುವವೇ, ಆದರೂ ಮರುವರ್ಷ ಮತ್ತೆ ಬರುತ್ತವೆ. ಗೇಮ್ ಉದ್ಯಮವಿರುವ ದೇಶಗಳಲ್ಲಿ ಹುಡುಕಬೇಕಾದದ್ದೂ ಇಂಥದ್ದನ್ನೇ: ಸ್ಟಿಕ್ಕು ಎಲ್ಲಿಂದ ಸಿಕ್ಕಿತು, ಗದ್ದೆ ಯಾವುದು, ಸೋತವರು ಮರುವರ್ಷ ಮತ್ತೆ ಬರುತ್ತಾರೆಯೇ.

ಮೊದಲು ಆರಂಭಿಸಿದ್ದು ಅಮೆರಿಕ. ಮತ್ತೆ ಜಪಾನ್ ಮುಂದೆ ಹೋದದ್ದು ಹೇಗೆ?

ಟಿ.ವಿ.ಗೆ ಜೋಡಿಸುವ ಮೊದಲ ಆಟದ ಯಂತ್ರವಾದ ಒಡಿಸ್ಸಿ, ಅಟಾರಿ ಕಂಪನಿ, ಅದರ ಪಾಂಗ್ ಆಟ, ಮೂರೂ ಅಮೆರಿಕದಲ್ಲಿ 1972ರಲ್ಲೇ ಬಂದವು. ಹತ್ತು ವರ್ಷ ವ್ಯಾಪಾರ ಜೋರಾಗಿತ್ತು. ಯಾರು ಬೇಕಾದರೂ ಆಟ ಮಾಡಿ ಮಾರುಕಟ್ಟೆಗೆ ಬಿಡಬಹುದಾಗಿದ್ದರಿಂದ, ಆಟದ ಗಂಧವೇ ಇಲ್ಲದ ಕಂಪನಿಗಳೂ ಕಳಪೆ ಕ್ಯಾಸೆಟ್‌ಗಳನ್ನು ಅಂಗಡಿಗಳಿಗೆ ತುಂಬಿದವು. 1983ರಲ್ಲಿ ಇಡೀ ವ್ಯವಹಾರ ಕುಸಿದು ಬಿತ್ತು. ಮಾರಾಟವಾಗದ ಸರಕನ್ನು ಅಟಾರಿ ನ್ಯೂ ಮೆಕ್ಸಿಕೊದ ಅಲಮಗಾರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂತುಹಾಕಿತು. 2014ರಲ್ಲಿ ಅದನ್ನು ಅಗೆದಾಗ ಕ್ಯಾಸೆಟ್‌ಗಳು ನಿಜಕ್ಕೂ ಸಿಕ್ಕವು.

ಅದೇ 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ತನ್ನ ಫ್ಯಾಮಿಕಾಮ್ ಯಂತ್ರವನ್ನು ಬಿಡುಗಡೆ ಮಾಡಿತು. ಕ್ಯೋಟೊದಲ್ಲಿ 1889ರಲ್ಲಿ ಇಸ್ಪೀಟಿನಂಥ ಹನಾಫುದ ಎಲೆಗಳನ್ನು ಮಾಡಲು ಹುಟ್ಟಿದ ಆ ಸಂಸ್ಥೆಗೆ, ಆಟಿಕೆಯ ಗಿರಾಕಿ ಒಮ್ಮೆ ಮೋಸ ಹೋದರೆ ಮತ್ತೆ ಬರುವುದಿಲ್ಲವೆಂಬುದು ತಲೆಮಾರುಗಳಿಂದ ಗೊತ್ತಿತ್ತು. 1985ರಲ್ಲಿ ಅಮೆರಿಕಕ್ಕೆ ಹೋದಾಗ ತನ್ನ ಅನುಮತಿಯಿಲ್ಲದ ಕ್ಯಾಸೆಟ್ ಓಡದಂತೆ ಯಂತ್ರದೊಳಗೆ ಒಂದು ಬೀಗದ ಚಿಪ್ ಇಟ್ಟಿತು, ಒಂದು ಕಂಪನಿ ವರ್ಷಕ್ಕೆ ಇಷ್ಟೇ ಆಟ ತರಬಹುದೆಂದು ಮಿತಿ ಹಾಕಿತು. ಈ ಕಟ್ಟುಪಾಡಿನ ಬಗ್ಗೆ ಆಗಲೂ ದೂರುಗಳಿದ್ದವು, ಆದರೆ ಹೋದ ನಂಬಿಕೆ ಮರಳಿ ಬಂದದ್ದು ಅದರಿಂದಲೇ. ಇದರ ಜೊತೆಗೆ ಜಪಾನಿನಲ್ಲಿ ಅಗ್ಗವಾಗಿ ಎಲೆಕ್ಟ್ರಾನಿಕ್ಸ್ ಮಾಡುವ ಕಾರ್ಖಾನೆಗಳಿದ್ದವು, ಸ್ಪೇಸ್ ಇನ್ವೇಡರ್ಸ್ ಮತ್ತು ಪ್ಯಾಕ್‌ಮ್ಯಾನ್ ಕಾಲದಿಂದ ನಾಣ್ಯ ಹಾಕಿ ಆಡುವ ಅಂಗಡಿಗಳಿದ್ದವು, ಮಾಂಗಾ ಚಿತ್ರಕಥೆಗಳಿಂದ ಪಳಗಿದ ಚಿತ್ರಗಾರರ ದೊಡ್ಡ ಪಡೆಯಿತ್ತು.

ನಿಂಟೆಂಡೊದ ಗುಂಪೆ ಯೊಕೊಯಿ ಅವರ ವಿಚಾರ ನನಗೆ ಬಹಳ ಇಷ್ಟ. ಎಲ್ಲರಿಗೂ ಗೊತ್ತಿರುವ, ಅಗ್ಗವಾದ, ಹಳತಾದ ತಂತ್ರಜ್ಞಾನವನ್ನೇ ಹೊಸ ಉಪಯೋಗಕ್ಕೆ ತಿರುಗಿಸಬೇಕೆಂಬುದು ಅವರ ಪಟ್ಟು. 1989ರ ಗೇಮ್ ಬಾಯ್‌ಗೆ ಬಣ್ಣದ ಪರದೆ ಇರಲಿಲ್ಲ. ಆದರೆ ನಾಲ್ಕು ಸಣ್ಣ ಸೆಲ್ಲುಗಳಲ್ಲಿ ಗಂಟೆಗಟ್ಟಲೆ ಓಡುತ್ತಿತ್ತು, ಕೆಳಗೆ ಬಿದ್ದರೂ ಸುಲಭವಾಗಿ ಕೆಡುತ್ತಿರಲಿಲ್ಲ. ಬಣ್ಣದ ಪರದೆಯ ಎದುರಾಳಿಗಳು ಅದರ ಮುಂದೆ ನಿಲ್ಲಲಿಲ್ಲ.

ಬ್ರಿಟನ್ನಿನಲ್ಲಿ ಈ ಉದ್ಯಮ ಹುಟ್ಟಿದ್ದು ಎಲ್ಲಿ?

ಮಕ್ಕಳ ಮಲಗುವ ಕೋಣೆಗಳಲ್ಲಿ. 1980ರ ದಶಕದ ಆರಂಭದಲ್ಲಿ ಬಿಬಿಸಿ ಜನರಿಗೆ ಕಂಪ್ಯೂಟರ್ ಕಲಿಸುವ ದೊಡ್ಡ ಯೋಜನೆ ಹಾಕಿಕೊಂಡು, ಟಿ.ವಿ. ಕಾರ್ಯಕ್ರಮಗಳ ಜೊತೆಗೆ 1981ರಲ್ಲಿ ಬಿಬಿಸಿ ಮೈಕ್ರೊ ಎಂಬ ಯಂತ್ರವನ್ನೂ ತಂದಿತು. ಅದು ಶಾಲೆಗಳಿಗೆ ಹೋಯಿತು. ಮರುವರ್ಷ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 125 ಪೌಂಡಿಗೆ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಬಿಟ್ಟಿತು. ಅದು ಮನೆಗಳಿಗೆ ಹೋಯಿತು. ಈ ಯಂತ್ರಗಳನ್ನು ಚಾಲೂ ಮಾಡಿದರೆ ಆಟ ಬರುತ್ತಿರಲಿಲ್ಲ. ಪರದೆಯ ಮೇಲೆ ಖಾಲಿ ಜಾಗ ಬಂದು, ಏನಾದರೂ ಬರೆ ಎಂದು ಕಾಯುತ್ತಿತ್ತು. ಆಟ ಬೇಕಿದ್ದ ಮಗು ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸಾಲುಸಾಲಾಗಿ ಟೈಪ್ ಮಾಡಬೇಕಿತ್ತು, ತಪ್ಪಾದರೆ ಹುಡುಕಬೇಕಿತ್ತು, ಹುಡುಕುತ್ತ ಕಲಿಯಬೇಕಿತ್ತು. ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳಾದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ 1984ರಲ್ಲಿ ಬಿಬಿಸಿ ಮೈಕ್ರೊದ 32 ಕೆಬಿ ಮೆಮೊರಿಯೊಳಗೆ ಎಲೈಟ್ ಎಂಬ ಇಡೀ ಬ್ರಹ್ಮಾಂಡದ ಆಟವನ್ನು ಕೂರಿಸಿದರು.

ಸ್ಕಾಟ್‌ಲೆಂಡಿನ ಡಂಡಿ ಊರಿನ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಒಂದು ಕಾಲದಲ್ಲಿ ಬಂಗಾಳದ ಸೆಣಬನ್ನು ತರಿಸಿ ಗೋಣಿಬಟ್ಟೆ ನೇಯುತ್ತಿದ್ದ ಊರು ಅದು. ಕಲ್ಕತ್ತೆಯಲ್ಲೇ ಗಿರಣಿಗಳು ಎದ್ದ ಮೇಲೆ ಅಲ್ಲಿನ ಗಿರಣಿಗಳು ಒಂದೊಂದಾಗಿ ಸೊರಗಿದವು. ನಮ್ಮ ಕಾಫಿ ತುಂಬುವ ಚೀಲಗಳ ಹಿಂದೆ ಅಲ್ಲಿನವರು ಕೆಲಸ ಕಳೆದುಕೊಂಡ ಚರಿತ್ರೆಯೂ ಇದೆ ಎಂಬುದು ನನಗೆ ಗೊತ್ತಾದದ್ದು ಈ ವಿಷಯ ಓದುವಾಗಲೇ. ಅಲ್ಲಿನ ಟೈಮೆಕ್ಸ್ ಗಡಿಯಾರ ಕಾರ್ಖಾನೆಗೆ ಸ್ಪೆಕ್ಟ್ರಮ್ ಜೋಡಿಸುವ ಕೆಲಸ ಬಂದದ್ದರಿಂದ ಊರಿನ ಮನೆಗಳಲ್ಲಿ ಆ ಕಂಪ್ಯೂಟರುಗಳು ಬೇಗನೆ ಹರಡಿದವು. ಟೈಮೆಕ್ಸ್‌ನಲ್ಲೇ ಕೆಲಸ ಮಾಡಿದ್ದ ಡೇವಿಡ್ ಜೋನ್ಸ್ 1987ರಲ್ಲಿ ಡಿಎಂಎ ಡಿಸೈನ್ ಆರಂಭಿಸಿದರು. ಅಲ್ಲಿಂದ 1991ರಲ್ಲಿ ಲೆಮಿಂಗ್ಸ್, 1997ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊ ಬಂದವು. ಅದೇ ಊರಿನ ಅಬರ್ಟೇ ವಿಶ್ವವಿದ್ಯಾಲಯ 1997ರಲ್ಲಿ ಗೇಮ್ ತಂತ್ರಜ್ಞಾನದ ಪದವಿ ಆರಂಭಿಸಿತು. ಈ ಸಾಲಿನಲ್ಲಿ ಕಾಲೇಜು ಕೊನೆಗೆ ಬರುವುದನ್ನು ಗಮನಿಸಬೇಕು. ಮೊದಲು ಕೋರ್ಸ್ ತೆರೆದು ಆಮೇಲೆ ಉದ್ಯಮಕ್ಕಾಗಿ ಕಾಯುವುದು ನಮ್ಮ ಕ್ರಮ.

ಫಿನ್ಲೆಂಡ್, ಸ್ವೀಡನ್ ಇಷ್ಟು ಚಿಕ್ಕ ದೇಶಗಳು. ಚಳಿಗಾಲ ದೀರ್ಘವಾದ್ದರಿಂದ ಮನೆಯೊಳಗೆ ಕುಳಿತು ಆಟ ಮಾಡಿದರು ಎನ್ನುತ್ತಾರಲ್ಲ?

ಮನೆಯೊಳಗೆ ಕೂರಿಸುವ ಹವಾಮಾನವೇ ಕಾರಣವಾಗಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡಲಾಗದ ಭಾಗಮಂಡಲ ಇಷ್ಟು ಹೊತ್ತಿಗೆ ಗೇಮ್ ಉದ್ಯಮದ ರಾಜಧಾನಿಯಾಗಿರಬೇಕಿತ್ತು.

ಫಿನ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಅಷ್ಟು ಜನರನ್ನೇ ನಂಬಿ ಆಟ ಮಾಡಿದರೆ ಹೊಟ್ಟೆ ತುಂಬುವುದಿಲ್ಲವಾದ್ದರಿಂದ, ಅಲ್ಲಿನ ಸ್ಟುಡಿಯೊಗಳು ಮೊದಲ ದಿನದಿಂದಲೇ ಹೊರದೇಶದ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡವು. ಎರಡನೆಯದಾಗಿ ಡೆಮೊಸೀನ್ ಎಂಬ ಹವ್ಯಾಸವಿತ್ತು. ಚಿಕ್ಕ ಕಂಪ್ಯೂಟರಿನಿಂದ ಅದರ ಶಕ್ತಿ ಮೀರಿದ ಚಿತ್ರ ಮತ್ತು ಸಂಗೀತವನ್ನು ಹಿಂಡಿ ತೆಗೆದು, ಒಂದೆಡೆ ಸೇರಿ ಪೈಪೋಟಿಗೆ ಇಡುವ ಹುಡುಗರ ಕೂಟಗಳು ಅವು. 1992ರಿಂದ ನಡೆಯುತ್ತಿರುವ ಅಸೆಂಬ್ಲಿ ಎಂಬ ಮೇಳ ಅವರ ಜಾತ್ರೆ. ಫ್ಯೂಚರ್ ಕ್ರೂ ಎಂಬ ಅಂಥದ್ದೊಂದು ಗುಂಪಿನವರು 1995ರಲ್ಲಿ ರೆಮೆಡಿ ಸ್ಟುಡಿಯೊ ಕಟ್ಟಿದರು. ಸ್ವೀಡನ್ನಿನಲ್ಲಿ ಡೈಸ್ ಕಂಪನಿ ಹುಟ್ಟಿದ್ದೂ ಹೀಗೆಯೇ. ಫಿನ್ಲೆಂಡ್ 2020ರಲ್ಲಿ ಡೆಮೊಸೀನನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೇ ಸೇರಿಸಿತು.

ಮೂರನೆಯದು ನೋಕಿಯಾ. 1997ರಲ್ಲಿ ಅದರ ಫೋನಿನಲ್ಲಿ ಬಂದ ಹಾವಿನ ಆಟವನ್ನು ಆಡದ ಮನೆ ನಮ್ಮಲ್ಲೂ ಕಡಿಮೆ. ಮೊಬೈಲಿನಲ್ಲಿ ಆಟ ಹೇಗಿರಬೇಕೆಂದು ತಿಳಿದ ಜನ ಅಲ್ಲಿ ಬಹಳ ಮೊದಲೇ ತಯಾರಾಗಿದ್ದರು, ಮತ್ತು ನೋಕಿಯಾ ಕುಸಿದಾಗ ಅನುಭವಿ ಎಂಜಿನಿಯರುಗಳು ಬೇರೆ ಕೆಲಸ ಹುಡುಕಿಕೊಂಡು ಹೊರಬಂದರು. 2009ರ ಆಂಗ್ರಿ ಬರ್ಡ್ಸ್‌ಗಿಂತ ಮೊದಲು ರೋವಿಯೊ ಕಂಪನಿ ಹಲವಾರು ಆಟಗಳನ್ನು ಮಾಡಿ, ದಿವಾಳಿಯ ಅಂಚಿಗೆ ಬಂದು ನಿಂತಿತ್ತು.

ಇಷ್ಟೆಲ್ಲದರ ಅಡಿಯಲ್ಲಿ ಹೆಚ್ಚಿನವರು ಹೇಳದೆ ಬಿಡುವ ಒಂದು ಸಂಗತಿ ಇದೆ. ಆ ದೇಶಗಳಲ್ಲಿ ಓದು ಹೆಚ್ಚುಕಡಿಮೆ ಉಚಿತ, ಆಸ್ಪತ್ರೆಯ ಖರ್ಚಿನ ಭಯವಿಲ್ಲ, ಕೆಲಸ ಹೋದರೆ ಸರ್ಕಾರದ ಭತ್ಯೆ ಇದೆ. ಇಪ್ಪತ್ತೈದು ವರ್ಷದ ಒಬ್ಬ ಹುಡುಗ ಎರಡು ವರ್ಷ ಒಂದು ಆಟದ ಮೇಲೆ ಕಳೆದು ಸೋತರೆ ಅವನ ತಂಗಿಯ ಮದುವೆ ನಿಲ್ಲುವುದಿಲ್ಲ. ಸ್ವೀಡನ್ ಸರ್ಕಾರ 1998ರಲ್ಲಿ ನೌಕರರು ಕಂಪನಿಯ ಮೂಲಕ ತೆರಿಗೆ ರಿಯಾಯಿತಿಯಲ್ಲಿ ಮನೆಗೆ ಕಂಪ್ಯೂಟರ್ ತರುವ ವ್ಯವಸ್ಥೆ ಮಾಡಿತು. ಡಂಡಿಯಲ್ಲಿ ಕಾರ್ಖಾನೆ ಮಾಡಿದ ಕೆಲಸವನ್ನು ಅಲ್ಲಿ ಕಾನೂನು ಮಾಡಿತು.

ಕಳ್ಳಪ್ರತಿ ಇರುವ ಕಡೆ ಉದ್ಯಮ ಬೆಳೆಯುವುದಿಲ್ಲ ಎಂಬುದು ನಿಜವೇ?

ಪೋಲೆಂಡ್ ಮತ್ತು ಕೊರಿಯಾ ಎರಡೂ ಕಳ್ಳಪ್ರತಿಯ ನಡುವೆಯೇ ಬೆಳೆದವು, ಎರಡು ಬೇರೆ ಬೇರೆ ಉಪಾಯಗಳಿಂದ.

ಕಮ್ಯುನಿಸ್ಟ್ ಆಡಳಿತ ಹೋದ ಹೊಸತರಲ್ಲಿ ವಾರ್ಸಾದ ಬಯಲು ಸಂತೆಗಳಲ್ಲಿ ನಕಲು ಆಟಗಳೇ ಮಾರಾಟವಾಗುತ್ತಿದ್ದವು. ಅಂಥ ಪೇಟೆಯನ್ನು ಚೆನ್ನಾಗಿ ಬಲ್ಲ ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಖಾವ್ ಕಿಚಿನ್ಸ್ಕಿ 1994ರಲ್ಲಿ ಸಿಡಿ ಪ್ರೊಜೆಕ್ಟ್ ಎಂಬ ವಿತರಣಾ ಕಂಪನಿ ಆರಂಭಿಸಿದರು. ಕೆನಡಾದ ಸ್ಟುಡಿಯೊ ಮಾಡಿದ ಒಂದು ದೊಡ್ಡ ಆಟವನ್ನು ಅವರು ಹೆಸರಾಂತ ನಟರ ದನಿಯಲ್ಲಿ ಪೂರ್ತಿಯಾಗಿ ಪೋಲಿಷ್ ಭಾಷೆಗೆ ತಂದು, ಪೆಟ್ಟಿಗೆಯೊಳಗೆ ನಕ್ಷೆ, ಪುಸ್ತಕ ಇತ್ಯಾದಿ ಇಟ್ಟು ಮಾರಿದರು. ನಕಲು ಮಾಡುವವನು ಕೊಡಲಾಗದ್ದನ್ನು ಕೊಟ್ಟರು. ಆ ಹಣ ಮತ್ತು ಅನುಭವದಿಂದ 2007ರಲ್ಲಿ ತಮ್ಮದೇ ದೇಶದ ಲೇಖಕ ಆಂದ್ಜೆಯ್ ಸಪ್ಕೊವ್ಸ್ಕಿಯವರ ಕಥೆಗಳನ್ನು ಆಧರಿಸಿದ ದಿ ವಿಚರ್ ಆಟವನ್ನು ತಂದರು. 2011ರಲ್ಲಿ ಪೋಲೆಂಡಿನ ಪ್ರಧಾನಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರಿಗೆ ಕೊಟ್ಟ ಉಡುಗೊರೆಗಳಲ್ಲಿ ಅದರ ಎರಡನೆಯ ಭಾಗವೂ ಒಂದಾಗಿತ್ತು. ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಟ್ಟಲೆ ವಾದಿಸಿದ ಕನ್ನಡಿಗರಾದ ನಾವು, ಒಳ್ಳೆಯ ಅನುವಾದವೇ ಒಂದು ಉದ್ಯಮಕ್ಕೆ ಅಡಿಪಾಯವಾದ ಈ ಪ್ರಸಂಗವನ್ನು ತುಸು ನಿಧಾನವಾಗಿ ಓದಬೇಕು.

ಕೊರಿಯಾದಲ್ಲಿ ಜಪಾನಿನ ಸಾಂಸ್ಕೃತಿಕ ಸರಕಿಗೆ 1998ರವರೆಗೆ ನಿರ್ಬಂಧವಿದ್ದುದರಿಂದ ಕನ್ಸೋಲ್‌ಗಳು (ಟಿ.ವಿ.ಗೆ ಜೋಡಿಸುವ ಆಟದ ಯಂತ್ರಗಳು) ಅಷ್ಟಾಗಿ ಬೇರೂರಲಿಲ್ಲ. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಸರ್ಕಾರ ಬ್ರಾಡ್‌ಬ್ಯಾಂಡ್ ಜಾಲಕ್ಕೆ ಒತ್ತು ಕೊಟ್ಟಿತು. ಕೆಲಸ ಹೋದವರಲ್ಲಿ ಅನೇಕರು ಉಳಿತಾಯದ ಹಣದಲ್ಲಿ ಪಿಸಿ ಬಾಂಗ್ ಎಂಬ, ಗಂಟೆಗಿಷ್ಟು ಎಂದು ಕೊಟ್ಟು ಆಡುವ ಅಂಗಡಿಗಳನ್ನು ತೆರೆದರು. 1998ರಲ್ಲಿ ಬಂದ ಅಮೆರಿಕದ ಸ್ಟಾರ್‌ಕ್ರಾಫ್ಟ್ ಆ ಅಂಗಡಿಗಳನ್ನು ತುಂಬಿಸಿತು, ಅದೇ ವರ್ಷ ಬಂದ ಎನ್‌ಸಿ ಸಾಫ್ಟ್‌ನ ಲಿನಿಯೇಜ್ ದೇಶೀಯ ಕಂಪನಿಗಳಿಗೆ ದಾರಿ ತೋರಿಸಿತು. ಅಂತರ್ಜಾಲದಲ್ಲಿ ಆಡುವ ಆಟದ ಜೀವ ಕಂಪನಿಯ ಸರ್ವರಿನಲ್ಲಿರುವುದರಿಂದ ಅದನ್ನು ನಕಲು ಮಾಡಿ ಪ್ರಯೋಜನವಿಲ್ಲ. ಕಳ್ಳಪ್ರತಿಯ ಕಾಟವೇ ಕೊರಿಯಾದವರನ್ನು ಮುಂದೆ ಇಡೀ ಜಗತ್ತು ಹಿಡಿದ ದಾರಿಗೆ ಮೊದಲೇ ತಳ್ಳಿತು.

ಚೀನಾದಂತೆ ಮಕ್ಕಳಿಗೆ ಆಟವನ್ನು ನಿರ್ಬಂಧಿಸಿದರೆ ಉದ್ಯಮ ನಾಶವಾಗುವುದಿಲ್ಲವೇ?

ಚೀನಾ 2000ದಿಂದ ಹದಿನಾಲ್ಕು ವರ್ಷ ಕನ್ಸೋಲ್ ಮಾರಾಟವನ್ನೇ ನಿಷೇಧಿಸಿತ್ತು. 2021ರಿಂದ ಹದಿನೆಂಟರೊಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟ ಆಡಬಹುದು. ಉದ್ಯಮ ನಾಶವಾಗಲಿಲ್ಲ, ಏಕೆಂದರೆ ಹಣ ಕೊಡುವವರು ಮುಖ್ಯವಾಗಿ ವಯಸ್ಕರು. ಕೊರಿಯಾ ಕೂಡ 2011ರಲ್ಲಿ ಹದಿನಾರರೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆಟ ನಿಲ್ಲಿಸುವ ಕಾನೂನು ತಂದು, ಹತ್ತು ವರ್ಷಗಳ ನಂತರ ಹಿಂತೆಗೆದುಕೊಂಡಿತು. ಕಂಪನಿಗಳನ್ನು ನಿಜವಾಗಿ ಕಂಗೆಡಿಸುವುದು ನಿಯಮ ಇದ್ದಕ್ಕಿದ್ದಂತೆ ಬದಲಾಗುವುದು: 2018ರಲ್ಲಿ ಚೀನಾ ಹೊಸ ಆಟಗಳಿಗೆ ಪರವಾನಗಿ ಕೊಡುವುದನ್ನು ತಿಂಗಳುಗಟ್ಟಲೆ ನಿಲ್ಲಿಸಿದಾಗ ಸಣ್ಣ ಸ್ಟುಡಿಯೊಗಳು ಬಾಗಿಲು ಮುಚ್ಚಬೇಕಾಯಿತು.

ಸರ್ಕಾರ ದುಡ್ಡು ಕೊಟ್ಟರೆ ಉದ್ಯಮ ಬರುತ್ತದೆಯೇ?

ಒಮ್ಮೆ ಬರುತ್ತದೆ, ಒಮ್ಮೆ ದುಡ್ಡು ಹೋಗುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ ನೌಕರರ ಸಂಬಳದ ಒಂದು ದೊಡ್ಡ ಪಾಲನ್ನು ತೆರಿಗೆಯಲ್ಲಿ ಬಿಟ್ಟುಕೊಟ್ಟು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯನ್ನು 1997ರಲ್ಲಿ ಮಾಂಟ್ರಿಯಲ್‌ಗೆ ಕರೆತಂದಿತು. ಇಂದು ಆ ನಗರ ಜಗತ್ತಿನ ದೊಡ್ಡ ಗೇಮ್ ಕೇಂದ್ರಗಳಲ್ಲಿ ಒಂದು. ಆದರೆ ಅಲ್ಲಿ ಮೊದಲೇ ಸಾಫ್ಟ್‌ಇಮೇಜ್‌ನಂಥ ಗ್ರಾಫಿಕ್ಸ್ ಕಂಪನಿಯಿತ್ತು, ಒಳ್ಳೆಯ ವಿಶ್ವವಿದ್ಯಾಲಯಗಳಿದ್ದವು, ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಬಲ್ಲ ಯುವಜನರಿದ್ದರು. ರಿಯಾಯಿತಿಯೂ ಒಂದು ಕಂಪನಿಗೆ ಸೀಮಿತವಾಗದೆ, ಕೆಲಸ ಕೊಟ್ಟ ಮೇಲೆ ಸಿಗುವಂಥದ್ದಾಯಿತು. ಅಮೆರಿಕದ ರೋಡ್ ಐಲೆಂಡ್ ರಾಜ್ಯ ಇದಕ್ಕೆ ವಿರುದ್ಧವಾಗಿ, ಮಾಜಿ ಬೇಸ್‌ಬಾಲ್ ಆಟಗಾರ ಕರ್ಟ್ ಶಿಲಿಂಗ್ ಅವರ 38 ಸ್ಟುಡಿಯೋಸ್ ಎಂಬ ಒಂದೇ ಕಂಪನಿಗೆ 2010ರಲ್ಲಿ 7.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿತು. 2012ರಲ್ಲಿ ಕಂಪನಿ ದಿವಾಳಿಯಾಗಿ, ಹೊರೆ ರಾಜ್ಯದ ತೆರಿಗೆದಾರರ ಮೇಲೆ ಬಿತ್ತು. ಒಂದೇ ಗಿಡಕ್ಕೆ ಗೊಬ್ಬರವನ್ನೆಲ್ಲ ಸುರಿದರೆ ಏನಾಗುತ್ತದೆಂದು ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಕರ್ನಾಟಕ 2012ರಲ್ಲೇ ಅನಿಮೇಶನ್ ಮತ್ತು ಗೇಮಿಂಗ್‌ಗೆಂದು ನೀತಿ ಪ್ರಕಟಿಸಿತ್ತು. ಈಗಿನದು 2024ರಿಂದ 2029ರವರೆಗಿನದು.

ಬೆಂಗಳೂರಿನಲ್ಲಿ ಇಷ್ಟು ಎಂಜಿನಿಯರುಗಳಿದ್ದೂ ಜಗತ್ತು ಆಡುವ ಆಟ ನಮ್ಮಿಂದ ಏಕೆ ಬಂದಿಲ್ಲ?

ನನ್ನನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆ ಇದು. ನನಗೆ ಕಾಣುವ ಕಾರಣಗಳಲ್ಲಿ ಮೊದಲನೆಯದು ಕೀಬೋರ್ಡ್. ಬ್ರಿಟನ್ನಿನ ಮಕ್ಕಳು ಸ್ಪೆಕ್ಟ್ರಮ್ ಮುಂದೆ ಕುಳಿತಿದ್ದ ಕಾಲದಲ್ಲಿ ನಮ್ಮಲ್ಲಿ ಕಂಪ್ಯೂಟರ್ ಎಂದರೆ ಆಮದು ಸುಂಕದಿಂದ ದುಬಾರಿಯಾದ, ಕಚೇರಿಯ ಎ.ಸಿ. ಕೋಣೆಯೊಳಗಿನ ವಸ್ತು. 1990ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ಫ್ಯಾಮಿಕಾಮ್‌ನ ನಕಲು ಯಂತ್ರಗಳು. ಹೊರಗೆ 9999 ಆಟ ಎಂದು ಬರೆದು ಒಳಗೆ ನಾಲ್ಕೈದೇ ಆಟಗಳಿರುತ್ತಿದ್ದ ಹಳದಿ ಕ್ಯಾಸೆಟ್‌ಗಳು ಅನೇಕರಿಗೆ ನೆನಪಿರಬಹುದು. ಅದರಲ್ಲಿ ಆಡಬಹುದಿತ್ತು, ಬರೆಯಲು ಬರುತ್ತಿರಲಿಲ್ಲ. 2016ರಲ್ಲಿ ಜಿಯೊ ಬಂದು ಇಂಟರ್‌ನೆಟ್ ಅಗ್ಗವಾದಾಗಲೂ ಮಕ್ಕಳ ಕೈಗೆ ಬಂದದ್ದು ಮೊಬೈಲ್, ಅದೂ ಆಡುವ ಯಂತ್ರವೇ. ಒಂದು ಇಡೀ ತಲೆಮಾರು ಆಟದ ಒಳಗನ್ನು ಕೆದಕಿ ನೋಡುವ ವಯಸ್ಸನ್ನು ದಾಟಿಬಿಟ್ಟಿತು.

ಎರಡನೆಯ ಕಾರಣವನ್ನು ಕಾಫಿಯಿಂದ ಹೇಳಬಹುದು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಆದರೆ ನಾವು ಮಾರುವುದು ಚೆರಿ (ಇಡಿಯಾಗಿ ಒಣಗಿಸಿದ ಹಣ್ಣು) ಇಲ್ಲವೇ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ). ಅದನ್ನು ಹುರಿದು, ಹೆಸರು ಕೊಟ್ಟು, ಲೋಟದಲ್ಲಿ ಮಾರುವವನಿಗೆ ಸಿಗುವ ಲಾಭ ನಮಗೆ ಸಿಗುವುದಿಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ವಿದೇಶಿ ಸ್ಟುಡಿಯೊಗಳ ದೊಡ್ಡ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರಣ ಮಾಡಿಕೊಟ್ಟು ಒಳ್ಳೆಯ ಹೆಸರು ಗಳಿಸಿತು. ನೂರಾರು ಜನರಿಗೆ ಕೆಲಸ ಕಲಿಸಿತು. ಆಟದ ಹೆಸರು ಮತ್ತು ಹಕ್ಕು ಬೇರೆಯವರ ಬಳಿಯೇ ಉಳಿದವು. 2017ರಲ್ಲಿ ಅದನ್ನು ಸ್ವೀಡನ್ನಿನ ಕಂಪನಿಯೊಂದು ಕೊಂಡಿತು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ತನ್ನದಾಗಿಸಿಕೊಂಡಿತು. ರಾಕ್‌ಸ್ಟಾರ್‌ನ ಬುಡ ಡಂಡಿಯ ಅದೇ ಡಿಎಂಎ ಡಿಸೈನ್‌ವರೆಗೆ ಹೋಗುತ್ತದೆ.

ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ. ಪಾರ್ಚ್‌ಮೆಂಟ್ ಮಾರಿ ಬಂದ ಹಣದಿಂದಲೇ ಇಲ್ಲಿನ ಮನೆಗಳು ನಡೆದಿವೆ, ಮಕ್ಕಳು ಓದಿದ್ದಾರೆ. ಹೊರಗುತ್ತಿಗೆಯ ಕೆಲಸವೂ ಹಾಗೆಯೇ. ಕೈಪಳಗಿದವರು ಅಲ್ಲಿಂದ ಹೊರಬಂದು ಸ್ವಂತ ಆಟ ಮಾಡತೊಡಗಿದಾಗ ಮುಂದಿನ ಹಂತ ಬರುತ್ತದೆ, ಅದು ನಿಧಾನವಾಗಿ ಬರುತ್ತಲೂ ಇದೆ: ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ತಂದ ರಾಜಿ ಎಂಬ ಆಟ ಅಂಥದ್ದು. ಮೊಬೈಲಿನಲ್ಲಿ ಲೂಡೊ ಕಿಂಗ್ ಕೋಟ್ಯಂತರ ಜನರನ್ನು ತಲುಪಿತು. ಮೂರನೆಯ ಕಾರಣ ಬಂಡವಾಳ ಹರಿದ ದಿಕ್ಕು. ಹಲವು ವರ್ಷ ಹೂಡಿಕೆದಾರರ ಹಣವೆಲ್ಲ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಮುಂತಾದ ಹಣ ಕಟ್ಟಿ ಆಡುವ ಆ್ಯಪ್‌ಗಳಿಗೆ ಹೋಯಿತು; 2023ರಲ್ಲಿ ಅವಕ್ಕೆ ಶೇ. 28ರ ಜಿಎಸ್‌ಟಿ ಬಿತ್ತು, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ಜೂಜನ್ನೂ ಆಟವನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ನಿಜವಾದ ಆಟ ಮಾಡುವವರಿಗೆ ಆದ ನಷ್ಟ ಸಣ್ಣದಲ್ಲ. ಇಂದಿಗೂ ಗೇಮ್ ಎಂದಾಕ್ಷಣ ಹಿರಿಯರೊಬ್ಬರು ನನ್ನನ್ನು "ದುಡ್ಡು ಕಟ್ಟುವುದಾ?" ಎಂದೇ ಕೇಳುತ್ತಾರೆ.

ನಮ್ಮ ಹುಡುಗರು ಇಡೀ ದಿನ ಪಬ್‌ಜಿ, ಬಿಜಿಎಂಐ ಆಡುತ್ತಾರೆ. ಅದರಿಂದ ಉದ್ಯಮ ಬೆಳೆಯುವುದಿಲ್ಲವೇ?

ಬೆಳೆಯುತ್ತದೆ, ಕೊರಿಯಾದ್ದು.

ಪುತ್ತರಿ ಹಾಡು, ಕಾವೇರಿಯ ಕಥೆ, ನಮ್ಮ ಪುರಾಣಗಳನ್ನು ಆಟ ಮಾಡಿದರೆ ಗೆಲ್ಲುವುದಿಲ್ಲವೇ?

2024ರಲ್ಲಿ ಚೀನಾದ ಗೇಮ್ ಸೈನ್ಸ್ ಸ್ಟುಡಿಯೊ ತನ್ನ ದೇಶದ ವಾನರ ರಾಜನ ಪುರಾತನ ಕಥೆಯನ್ನು ಆಧರಿಸಿದ ಬ್ಲ್ಯಾಕ್ ಮಿಥ್: ವುಕಾಂಗ್ ಬಿಡುಗಡೆ ಮಾಡಿ ಜಗತ್ತನ್ನೇ ಬೆರಗುಗೊಳಿಸಿದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಕಥೆ ಶತಮಾನಗಳಿಂದ ಅಲ್ಲೇ ಇತ್ತು. ಹೊಸದಾಗಿ ಬಂದದ್ದು ಅದನ್ನು ಮಾಡಬಲ್ಲ ತಂಡ, ಮತ್ತು ಆ ತಂಡದ ಮುಖ್ಯರು ಟೆನ್ಸೆಂಟ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಹೊರಬಂದವರು. ಕೊಡಗಿನ ಹಾಡು, ಐನ್‌ಮನೆ, ದೇವರಕಾಡುಗಳಲ್ಲಿ ಆಟಕ್ಕೆ ಒದಗುವ ಸಾಮಗ್ರಿ ಹೇರಳವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಓಡಲು ಹೊರಟಾಗ ಪಾತ್ರದ ಕಾಲು ಕಲ್ಲಿಗೆ ಸಿಕ್ಕಿಕೊಂಡು ನಿಂತುಬಿಡುವ ಆಟವನ್ನು, ಕಾವೇರಮ್ಮನ ಕಥೆಯೆಂಬ ಭಕ್ತಿಯಿಂದ ಯಾರೂ ಎರಡನೆಯ ಸಲ ತೆರೆಯುವುದಿಲ್ಲ. ದೇವರಕಾಡನ್ನು ಗುಂಡು ಹಾರಿಸುವ ಬಯಲು ಮಾಡುವ ಮೊದಲು ಆ ಊರಿನವರನ್ನು ಒಂದು ಮಾತು ಕೇಳುವುದೂ ಒಳ್ಳೆಯದು.

ಮಡಿಕೇರಿಯಂಥ ಸಣ್ಣ ಊರಿನಲ್ಲಿ ಗೇಮ್ ಸ್ಟುಡಿಯೊ ಸಾಧ್ಯವೇ?

2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33 ಸಾವಿರ ಚಿಲ್ಲರೆ. ಸ್ವೀಡನ್ನಿನ ಶೋವ್ಡೆ ಪಟ್ಟಣದ್ದು ಅದಕ್ಕಿಂತ ತುಸು ಹೆಚ್ಚಷ್ಟೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗೇಮ್ ಶಿಕ್ಷಣವಿದೆ, ಪಕ್ಕದಲ್ಲೇ ಓದು ಮುಗಿಸಿದವರಿಗೆ ಕಚೇರಿ ಜಾಗ ಮತ್ತು ಸಲಹೆ ಕೊಡುವ ಕೇಂದ್ರವಿದೆ. ಗೋಟ್ ಸಿಮ್ಯುಲೇಟರ್ ಮಾಡಿದ ಕಾಫಿ ಸ್ಟೇನ್ (ಹೆಸರು ನೋಡಿ ನಮ್ಮ ಹುಡುಗರು ಅದು ಕೊಡಗಿನದೇ ಎನ್ನುತ್ತಾರೆ) ಆ ಊರಿನದು. 2021ರಲ್ಲಿ ಐದೇ ಜನ ಸೇರಿ ಮಾಡಿದ ವಾಲ್‌ಹೈಮ್ ಸುಮಾರು ಒಂದು ತಿಂಗಳಲ್ಲಿ 50 ಲಕ್ಷ ಪ್ರತಿ ಮಾರಾಟವಾದದ್ದೂ ಅಲ್ಲಿಂದಲೇ. ಆ ಊರಿನ ರಹಸ್ಯ ಸರಳ: ಒಂದು ಸ್ಟುಡಿಯೊ ಮುಚ್ಚಿದರೆ ಅಲ್ಲಿದ್ದವರು ಊರು ಬಿಡಬೇಕಾಗಿಲ್ಲ, ಎದುರಿನ ಕಟ್ಟಡಕ್ಕೆ ಹೋದರೆ ಸಾಕು.

ಕೊಡಗಿನಲ್ಲಿ ಪೊನ್ನಂಪೇಟೆ, ಕುಶಾಲನಗರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಓದಿದವರು ಕೊನೆಯ ಪರೀಕ್ಷೆಯ ಮರುವಾರ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಆಷಾಢದ ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿರುವುದು, ಟವರಿನ ಡೀಸೆಲ್ ಮುಗಿದು ನೆಟ್‌ವರ್ಕ್ ಹೋಗುವುದು ಇದ್ದೇ ಇದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೂ ಇನ್ವರ್ಟರಿಗಿಂತ ದೊಡ್ಡ ಕೊರತೆ ಎರಡನೆಯ ಸ್ಟುಡಿಯೊ. ಮೊದಲನೆಯದನ್ನು ಯಾರಾದರೂ ಹಟ ಹಿಡಿದು ತೆರೆಯಬಹುದು. ಅದು ಮುಚ್ಚಿದ ದಿನ ಆ ಐದು ಜನರಿಗೆ ಇಲ್ಲೇ ಇನ್ನೊಂದು ಬಾಗಿಲು ಇದ್ದರೆ ಮಾತ್ರ ಊರು ಬೆಳೆಯುತ್ತದೆ.

ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಮಗಳು ಅದರಲ್ಲೇ ಆರಂಭಿಸಬಹುದೇ?

ಧಾರಾಳವಾಗಿ. ಗೊಡೊ ಎಂಬ ಗೇಮ್ ಎಂಜಿನ್ (ಆಟ ಕಟ್ಟಲು ಬಳಸುವ ಸಾಫ್ಟ್‌ವೇರ್) ಅರ್ಜೆಂಟೀನಾದ ಇಬ್ಬರು ಪ್ರೋಗ್ರಾಮರುಗಳು ತಮ್ಮ ಕೆಲಸಕ್ಕೆಂದು ಕಟ್ಟಿಕೊಂಡು, 2014ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟದ್ದು. ಅದರಿಂದ ಮಾಡಿದ ಆಟದ ಪೂರ್ತಿ ಹಕ್ಕು ಮಾಡಿದವರದೇ. ಚಿತ್ರಗಳಿಗೆ ಬ್ಲೆಂಡರ್ ಇದೆ, ಅದೂ ಉಚಿತ, ಆದರೆ ಹಳೆಯ ಯಂತ್ರದಲ್ಲಿ ಏದುಸಿರು ಬಿಡುತ್ತದೆ. ಮೊದಲ ವರ್ಷ ಅದಿಲ್ಲದೆ ಚೌಕ ಮತ್ತು ವೃತ್ತಗಳಲ್ಲೇ ಆಟ ಮಾಡಲಿ. ಗೊಡೊ ಒಂದು ಸಿನಿಮಾದ ಫೈಲಿಗಿಂತ ಎಷ್ಟೋ ಚಿಕ್ಕದು. ಗೋಣಿಕೊಪ್ಪಕ್ಕೋ ವಿರಾಜಪೇಟೆಗೋ ಬಂದ ದಿನ ಪೆನ್‌ಡ್ರೈವಿಗೆ ಇಳಿಸಿಕೊಂಡು ಹೋದರೆ ಆಮೇಲೆ ನೆಟ್‌ವರ್ಕ್ ಬೇಕಾಗಿಲ್ಲ. ಕೀಬೋರ್ಡಿನ ಎಲ್ಲ ಕೀಲಿಗಳೂ ಕೆಲಸ ಮಾಡುತ್ತವೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ನನ್ನ ತರಗತಿಗೆ ಬರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಮಳೆಗಾಲದ ತೇವಕ್ಕೆ ಮೊದಲು ಕೈಕೊಡುವುದು ಅದೇ.